ಮಗಳಿಂದ ಕ್ಷಮೆ ಕೇಳಿಸಿದ್ದು

ನನ್ನ ಮಗಳು ತನ್ನ ಸೋದರಮಾವನ ಕೈ ಕಚ್ಚಿದಾಗ ಅವಳಿಗೆ ಐದು ವರ್ಷ ತುಂಬಿ ಮೂರು ತಿಂಗಳಾಗಿತ್ತು. ದೇವದುರ್ಗದಲ್ಲಿ ನನ್ನ ಹೆಂಡತಿಯ ತವರಿನವರು ಹೊಸ ಮನೆ ಕಟ್ಟಿಸಿದ್ದರು. ಮನೆ ಪ್ರತಿಷ್ಠೆಯ ಪ್ರಾರ್ಥನೆ ಮುಗಿದು ಜನ ಊಟಕ್ಕೆ ಕುಳಿತಿದ್ದರು. ಮನೆಯ ಅಳಿಯನಾದ ನಾನು ಪಂಕ್ತಿಯಲ್ಲಿ ಅನ್ನ ಬಡಿಸುತ್ತಿದ್ದೆ. ಒಳಗಿನ ಕೋಣೆಯಲ್ಲಿ ಹೆಂಡತಿಯ ತಮ್ಮ ಕೂಗಿದ್ದು ಕೇಳಿಸಿತು. ಮರುಕ್ಷಣ ಮಗಳು ಓಡಿ ಬಂದು ನನ್ನ ಕಾಲು ತಬ್ಬಿಕೊಂಡಳು. “ಅಪ್ಪಾ, ಮಾಮ…” ಅಂದಳು. ನನ್ನ ಕೈಯಲ್ಲಿ ಬಿಸಿ ಅನ್ನದ ಬುಟ್ಟಿ ಇತ್ತು. “ಅತ್ಲಾಗ ಸರಿ, ಅನ್ನ ಚೆಲ್ತದ” ಅಂದೆ.

ಅವನು ಅವಳ ಹಿಂದೆಯೇ ಬಂದ. ಬಲಗೈ ಎತ್ತಿ ಎಲ್ಲರಿಗೂ ತೋರಿಸಿದ. ಹೆಬ್ಬೆರಳಿನ ಬುಡದಲ್ಲಿ ಸಣ್ಣ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು.

“ನೋಡ್ರಿ, ನನ್ನ ಹೇಂತಿ ಈಗೇ ಹಿಂಗ ಕಚ್ಚಾಕತ್ತಾಳ. ಮದುವಿ ಆದಮ್ಯಾಲ ನನ್ನ ಗತಿ ಏನ್ರಿ?”

ಪಂಕ್ತಿಯೆಲ್ಲ ನಕ್ಕಿತು. ಯಾರೋ ಒಬ್ಬರು, ಈಗಲೇ ಹಲ್ಲು ಕೀಳಿಸಿಬಿಡು ಅಂದರು. ನಾನೂ ನಕ್ಕೆ.

ಹೊರಗಿನವರಿಗೆ ಈ ಮಾತು ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದುಂಟು. ಹಾಗಾಗಿ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನದಿಂದಲೇ ಸೋದರಮಾವನಿಗೆ ಅದನ್ನು ‘ನನ್ನ ಹೇಂತಿ’ ಅನ್ನುವ ಸಲಿಗೆ. ಎತ್ತಿಕೊಳ್ಳಬಹುದು, ಗಲ್ಲ ಹಿಂಡಬಹುದು, ಅಳಿಸಬಹುದು. ಕೂಸು ಅತ್ತಷ್ಟೂ ಜನಕ್ಕೆ ನಗು. ನಮ್ಮ ಅಜ್ಜನ ಕಾಲಕ್ಕೆ ನಾವು ಕರ್ತನಾದ ಯೇಸುವನ್ನು ನಂಬಿದವರು. ಕುಡಿತ ಬಿಟ್ಟೆವು, ತಾಯಿತ ಬಿಟ್ಟೆವು, ಹಳೆಯ ಹರಕೆಗಳನ್ನೆಲ್ಲ ಬಿಟ್ಟೆವು. ಈಗ ನಮ್ಮ ಸಭೆಯಲ್ಲಿ ಸೋದರಮಾವನ ಜೊತೆ ಮದುವೆ ಮಾಡುವುದೂ ನಿಂತುಹೋಗಿದೆ. ಆದರೆ ಆ ಸಲಿಗೆಯನ್ನು ಬಿಡಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದರಲ್ಲಿ ಪಾಪ ಏನಿದೆ ಅಂದುಕೊಂಡಿದ್ದೆವು.

ನಾನು ದರ್ಜಿ. ಮಾನ್ವಿಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ನನ್ನ ಅಂಗಡಿ. ಹೆಚ್ಚಾಗಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಜೂನ್ ತಿಂಗಳು ಬಂತೆಂದರೆ ಅಂಗಡಿ ಮುಂದೆ ಮಕ್ಕಳ ಸಾಲು. ಅಲ್ಲಿ ನನ್ನದೊಂದು ಕಟ್ಟುನಿಟ್ಟು. ಹೆಣ್ಣುಮಕ್ಕಳ ಅಳತೆ ನಾನು ತೆಗೆಯುವುದಿಲ್ಲ, ನನ್ನ ಹೆಂಡತಿ ತೆಗೆಯುತ್ತಾಳೆ. ಅದೂ ಅವರ ತಾಯಿಯ ಎದುರಿಗೆ. ಟೇಪು ಮುಟ್ಟಿಸುವ ಮೊದಲು ಕೈ ಎತ್ತವ್ವ, ಹೆಗಲಿನ ಅಳತೆ ತಗೊಳ್ಳುತ್ತೇನೆ ಅಂತ ಕೂಸಿಗೆ ಹೇಳಿಯೇ ಮುಟ್ಟಿಸುತ್ತಾಳೆ. ಕಲ್ಲೂರಿನಿಂದ, ಕವಿತಾಳದಿಂದ ಜನ ಇದೇ ಕಾರಣಕ್ಕೆ ನನ್ನ ಅಂಗಡಿ ಹುಡುಕಿಕೊಂಡು ಬರುತ್ತಾರೆ. ಪರರ ಮಕ್ಕಳ ಮೈಯನ್ನು ಕೇಳದೆ ಮುಟ್ಟಬಾರದು ಅನ್ನುವ ತಿಳುವಳಿಕೆ ನನಗೆ ಚೆನ್ನಾಗಿಯೇ ಇತ್ತು.

ಸಭೆಯಲ್ಲಿ ನಾನು ಸಂಡೇ ಸ್ಕೂಲ್ ಪಾಠ ಹೇಳುವವನೂ ಹೌದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೆ. ಮದುವೆಯಾದ ಮೇಲೆ ಮತ್ತೆ ಅಕ್ಷರ ತಿದ್ದಿ, ಮೂವತ್ತೆರಡನೇ ವಯಸ್ಸಿನಲ್ಲಿ ಹತ್ತನೇ ಕ್ಲಾಸು ಪಾಸು ಮಾಡಿದೆ. ಆಮೇಲೆ ಸಭೆಯಲ್ಲಿ ಗಟ್ಟಿಯಾಗಿ ಓದುವ ಕೆಲಸ ಎಲ್ಲ ನನಗೇ ಬರತೊಡಗಿತು. ಅದು ನನಗೆ ಬಹಳ ಇಷ್ಟ.

ಆ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಪಾಸ್ಟರು ಒಂದು ತೆಳ್ಳನೆಯ ಪುಸ್ತಿಕೆ ತಂದುಕೊಟ್ಟರು. ಸಣ್ಣ ಮಕ್ಕಳಿಗೆ ತಮ್ಮ ಮೈಯನ್ನು ಕಾಪಾಡಿಕೊಳ್ಳುವುದನ್ನು ತಂದೆತಾಯಿಯೇ ಹೇಗೆ ಕಲಿಸಬೇಕು ಅಂತ ಅದರಲ್ಲಿ ಇತ್ತು. ಆರಾಧನೆ ಮುಗಿದ ಮೇಲೆ ತಂದೆತಾಯಿಗಳನ್ನು ಕೂರಿಸಿ ಓದಿ ಹೇಳು ಅಂದರು. ಓದಿದೆ. ಮೊದಲ ಪುಟದಲ್ಲಿ ದೇವರು ನಮ್ಮ ದೇಹವನ್ನು ಉಂಟುಮಾಡಿದನು ಅಂತ ಇತ್ತು, ಅದು ಸರಾಗವಾಗಿ ಹೋಯಿತು. ಮುಂದಿನ ಹಾಳೆಯಲ್ಲಿ ಮೈಯ ಭಾಗಗಳ ಹೆಸರು ನೇರವಾಗಿ ಅಚ್ಚಾಗಿದ್ದವು. ಮಗುವಿಗೆ ಆ ಹೆಸರುಗಳನ್ನು ಹೇಳಿಕೊಡಿ, ಬೇಡ ಅನ್ನಲು ಕಲಿಸಿ, ಬೇಡ ಅಂದಾಗ ಸಂಬಂಧಿಕರ ತೊಡೆಯ ಮೇಲೆ ಒತ್ತಾಯದಿಂದ ಕೂರಿಸಬೇಡಿ ಅಂತ ಇತ್ತು. ಎದುರಿಗೆ ಚಾಪೆಯ ಮೇಲೆ ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಕುಳಿತಿದ್ದರು. ನನ್ನ ಅತ್ತೆಯೂ ಅವತ್ತು ಬಂದಿದ್ದರು. ನಾನು ಎರಡು ಹಾಳೆಗಳನ್ನು ಕೂಡಿಸಿ ತಿರುವಿದೆ. ಮಕ್ಕಳಿಗೆ ದೇವರ ಭಯ, ಹಿರಿಯರ ಭಯ ಕಲಿಸಿದರೆ ಉಳಿದದ್ದೆಲ್ಲ ತಾನೇ ಬರುತ್ತದೆ ಅಂತ ಪುಸ್ತಿಕೆಯಲ್ಲಿ ಇಲ್ಲದ ಮಾತೊಂದನ್ನು ಸೇರಿಸಿ ಮುಗಿಸಿದೆ. ಎಲ್ಲರೂ ಆಮೆನ್ ಅಂದರು.

ನಾವು ಕಲಿಸದೆ ಬಿಟ್ಟದ್ದನ್ನು ಮಗಳ ಶಾಲೆಯ ಮಿಸ್ ಕಲಿಸಿದರು. ಒಂದು ದಿನ ಮಧ್ಯಾಹ್ನ ನಾನು ಊಟ ಮಾಡುತ್ತಿದ್ದೆ. ಮಿಸ್ ಬೋರ್ಡಿನ ಮೇಲೆ ಹುಡುಗಿಯ ಚಿತ್ರ ಬರೆದರು, ಯಾರೂ ಮುಟ್ಟಬಾರದ ಕಡೆ ಕೆಂಪು ಚಾಕ್‌ಪೀಸಿನಿಂದ ಗೆರೆ ಎಳೆದರು ಅಂತ ಅವಳು ಹೇಳಲು ಶುರು ಮಾಡಿದಳು. ಯಾರಾದರೂ ಮುಟ್ಟಿದರೆ ಕೂಗಬೇಕಂತೆ, ಬಿಡದಿದ್ದರೆ ಕಚ್ಚಬೇಕಂತೆ, ಓಡಿಹೋಗಿ ಅಪ್ಪನಿಗೋ ಅವ್ವನಿಗೋ ಹೇಳಬೇಕಂತೆ. ಹೇಳುತ್ತಾ ತನ್ನ ಮೈ ಮೇಲೆ ತೋರಿಸಿದಳು. ದೇವರ ವಾಕ್ಯ ಓದುವ ಮನೆಯಲ್ಲಿ ಇಂಥ ಮಾತು ಆಡಬಾರದು ಅಂತ ಗದರಿಸಿದೆ. ಅವಳು ಕೈ ಇಳಿಸಿದಳು. ಆದರೆ ಮಿಸ್ ಹೇಳಿದ್ದನ್ನು ಮರೆತಿರಲಿಲ್ಲ. ದೇವದುರ್ಗದ ಆ ಕೋಣೆಯಲ್ಲಿ ಅಷ್ಟನ್ನೂ ಹೇಳಿದ ಹಾಗೆಯೇ ಮಾಡಿದಳು.

ಆ ದಿನ ಮಾನ್ವಿಗೆ ಬರುವ ಬಸ್ಸಿನಲ್ಲಿ ಯಾಕೆ ಕಚ್ಚಿದೆ ಅಂತ ಕೇಳಿದೆ. ಕೇಳಿದ್ದು ತಿಳಿದುಕೊಳ್ಳಲು ಅಲ್ಲ, ಬೈಯಲು. ಅವಳು ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿ, “ಮಾಮ ಛಲೋ ಇಲ್ಲ” ಅಂದಳು. ಅಷ್ಟೇ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಹೊಸ ಮನೆಯಲ್ಲಿ, ಅಷ್ಟು ಜನರ ಎದುರಿಗೆ, ದರ್ಜಿ ತನ್ನ ಮಗಳಿಗೆ ಬುದ್ಧಿ ಕಲಿಸಿಲ್ಲ ಅಂತ ಆಯಿತಲ್ಲ ಅನ್ನುವುದು ನನ್ನ ತಲೆಯಲ್ಲಿ ತಿರುಗುತ್ತಿತ್ತು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ತಿಂಗಳ ಮೊದಲನೇ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ. ರೊಟ್ಟಿ ಮುರಿಯುವ ಮೊದಲು ಪಾಸ್ಟರು ಐದು ನಿಮಿಷ ಸುಮ್ಮನೆ ನಿಲ್ಲುತ್ತಾರೆ. ಯಾರ ಮೇಲೆ ಯಾರಿಗೆ ಮನಸ್ತಾಪ ಇದೆಯೋ ಅವರು ಎದ್ದು ಹೋಗಿ, ಎರಡೂ ಕೈ ಹಿಡಿದು ಕ್ಷಮೆ ಕೇಳಬೇಕು. ಹೆಂಗಸರ ಚಾಪೆಯಿಂದ ಗಂಡಸರ ಚಾಪೆಗೆ, ಗಂಡಸರ ಚಾಪೆಯಿಂದ ಹೆಂಗಸರ ಚಾಪೆಗೆ ಜನ ಹಾಯುತ್ತಾರೆ. ಅತ್ತೆ ಸೊಸೆಯರು ಅಳುತ್ತಾರೆ. ಎಂಟು ವರ್ಷ ಮಾತು ಬಿಟ್ಟಿದ್ದ ನನ್ನ ಅಣ್ಣ ನನ್ನ ಕೈ ಹಿಡಿದದ್ದು ಅಲ್ಲಿಯೇ. ಇದರಂಥ ಒಳ್ಳೆಯ ಪದ್ಧತಿ ಬೇರೆ ಎಲ್ಲೂ ಇಲ್ಲ ಅಂತ ನಾನು ಕಂಡಕಂಡವರಿಗೆ ಹೇಳುತ್ತಿದ್ದೆ.

ದೇವದುರ್ಗದ ವಿಶ್ವಾಸಿಗಳು ಸ್ವಲ್ಪ ಮಂದಿ. ಅವರಿಗೆ ಬೇರೆ ಪಾಸ್ಟರು ಇಲ್ಲ, ಭೋಜನಕ್ಕೆ ಮಾನ್ವಿಗೇ ಟೆಂಪೋ ಮಾಡಿಕೊಂಡು ಬರುತ್ತಾರೆ. ಆ ಭಾನುವಾರ ನನ್ನ ಅತ್ತೆ, ಹೆಂಡತಿಯ ತಮ್ಮ ಎಲ್ಲರೂ ಬಂದಿದ್ದರು. ಪಾಸ್ಟರು ಸುಮ್ಮನೆ ನಿಂತಾಗ ನಾನು ಎದ್ದೆ. ಹೆಂಗಸರ ಕಡೆ ಹೋಗಿ, ತಾಯಿಯ ಪಕ್ಕ ಕುಳಿತಿದ್ದ ಮಗಳ ಮುಂಗೈ ಹಿಡಿದು ಎಬ್ಬಿಸಿದೆ. ಅವಳಿಗೆ ಎಲ್ಲಿಗೆ ಅಂತ ತಿಳಿಯಲಿಲ್ಲ. ಅರ್ಧ ದಾರಿಗೆ ಬಂದ ಮೇಲೆ ತಿಳಿಯಿತು. ಕಾಲು ಊರಿ ನಿಂತಳು. ನಾನು ಎಳೆದೆ. ಗಚ್ಚಿನ ನೆಲದ ಮೇಲೆ ಅವಳ ಕಾಲು ಜಾರಿಕೊಂಡೇ ಬಂದವು.

ಅವನ ಮುಂದೆ ನಿಲ್ಲಿಸಿ, “ಮಾಮಗ ತಪ್ಪಾತು ಅನ್ನು” ಅಂದೆ. ಅವಳು ಅನ್ನಲಿಲ್ಲ. ಸಭೆಯೆಲ್ಲ ನೋಡುತ್ತಿತ್ತು. ನಾನು ಬಗ್ಗಿ ಅವಳ ಎರಡೂ ಕೈಗಳನ್ನು ಹಿಡಿದು ಅವನ ಕೈಯೊಳಗೆ ಇಟ್ಟೆ. ಅವಳ ಬಾಯಿಂದ ಮಾತು ಬಂತು. ಸಣ್ಣಗೆ ಬಂತು, ಆದರೂ ಹತ್ತಿರದವರಿಗೆ ಕೇಳಿಸಿತು.

“ಇರ್ಲಿ ಬಿಡ್ರಿ ಭಾವ, ನನ್ನ ಹೇಂತಿ ಅಲ್ಲೇನ್ರಿ” ಅಂದ ಅವನು. ಕೈ ಮಾತ್ರ ಬಿಡಲಿಲ್ಲ.

ಇಷ್ಟು ಸಣ್ಣ ಮಗುವಿನ ದೀನಮನಸ್ಸು ನಮಗೆಲ್ಲ ಬರಲಿ ಅಂತ ಪಾಸ್ಟರು ಪ್ರಾರ್ಥನೆಯಲ್ಲಿ ಹೇಳಿದರು. ಪಾಪ, ಅವರಿಗೆ ಏನು ಗೊತ್ತು. ನಾನು ಎದೆ ತುಂಬಿಕೊಂಡು ರೊಟ್ಟಿ ತಗೊಂಡೆ.

ಏಪ್ರಿಲ್ ಕೊನೆಗೆ ಶಾಲೆಗೆ ರಜೆ ಬಂತು. ರಜೆಯಲ್ಲಿ ಹತ್ತು ದಿನ ಮಗಳನ್ನು ಅಜ್ಜಿಯ ಮನೆಗೆ ಕಳಿಸುವುದು ಮೊದಲಿನಿಂದ ರೂಢಿ. ನಮಗೆ ಯೂನಿಫಾರ್ಮ್ ಹೊಲಿಗೆಯ ಗಡಿಬಿಡಿ ಆಗ. ಕರೆದುಕೊಂಡು ಹೋಗಲು ಅವನೇ ಬಂದ. ಮಗಳು ಕಟಿಂಗ್ ಟೇಬಲ್ಲಿನ ಕಾಲು ಹಿಡಿದುಕೊಂಡು, ಬರುವುದಿಲ್ಲ ಅಂತ ಕುಳಿತಳು. ಹೆಂಡತಿ ಈ ಸಲ ಬಿಡೋಣ ಅಂದಳು. ಅವಳಿಗೆ ಒಳಗೆ ಏನೋ ಅನುಮಾನ ಇತ್ತು ಅಂತ ಈಗ ಹೇಳುತ್ತಾಳೆ. ತನ್ನ ತಮ್ಮನ ಮೇಲಿನ ಅನುಮಾನವನ್ನು ಗಂಡನ ಮುಂದೆ ಯಾವ ಬಾಯಿಂದ ಹೇಳುವುದು ಅಂತ ನುಂಗಿಕೊಂಡಳಂತೆ. ನಾನು, ಬೇಡ ಅಂದದ್ದಕ್ಕೆಲ್ಲ ಒಪ್ಪಿದರೆ ಮಕ್ಕಳು ಹಟಮಾರಿ ಆಗುತ್ತಾರೆ ಅಂದೆ. ಮೊನ್ನೆ ದೇವರ ಮುಂದೆ ಸಮಾಧಾನ ಆಗಿದೆ, ಇನ್ನೇನು ಅಂದೆ. ನಾನೇ ಎತ್ತಿಕೊಂಡು ಹೋಗಿ ಬಸ್ ಹತ್ತಿಸಿದೆ. ಅವಳು ಆಗ ಅಳಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನನ್ನನ್ನು ನೋಡಿದಳು.

ಆ ಹತ್ತು ದಿನ ಅಲ್ಲಿ ಏನಾಯಿತು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳ ಮಾತು. ಯಾರಿಗೆ ಹೇಳಬೇಕು ಅಂತ ಅವಳೇ ನೋಡಿಕೊಳ್ಳಲಿ. ಈ ಸಲ ಅವಳು ಕಚ್ಚಲಿಲ್ಲ, ಓಡಲಿಲ್ಲ, ಯಾರಿಗೂ ಹೇಳಲೂ ಇಲ್ಲ ಅನ್ನುವುದನ್ನು ಮಾತ್ರ ಬರೆಯುತ್ತೇನೆ. ಯಾಕೆಂದರೆ ಅದು ನಾನು ಮಾಡಿದ ಕೆಲಸ. ಹಾಗೆಲ್ಲ ಮಾಡಿದರೆ ಏನಾಗುತ್ತದೆ ಅಂತ ನಾನು ಸಭೆಯ ನಡುವೆ ನಿಲ್ಲಿಸಿ ಕಲಿಸಿದ್ದೆ.

ಮನೆಗೆ ಬಂದವಳು ಸ್ನಾನಕ್ಕೆ ಬಟ್ಟೆ ಬಿಚ್ಚಲು ಒಪ್ಪುತ್ತಿರಲಿಲ್ಲ. ಹಾಸಿಗೆ ಒದ್ದೆ ಮಾಡತೊಡಗಿದಳು. ಅಂಗಡಿಯಲ್ಲಿ ಟೇಬಲ್ಲಿನ ಕೆಳಗೆ, ಬಟ್ಟೆಯ ಚೂರುಗಳ ರಾಶಿಯೊಳಗೆ ಸೇರಿಕೊಂಡು ಕುಳಿತುಬಿಡುತ್ತಿದ್ದಳು. ಅಳತೆ ಕೊಡಲು ಬಂದವರು ಬಗ್ಗಿ ನೋಡಿ, ಏನವ್ವ ಅಂದರೆ ಇನ್ನೂ ಒಳಗೆ ಸರಿಯುತ್ತಿದ್ದಳು. ಬಿಸಿಲಿಗೆ ಹೀಗೆ ಅಂದುಕೊಂಡೆ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಒಮ್ಮೆ ಹೊಡೆದೆ ಕೂಡ.

ಪಕ್ಕದಲ್ಲಿ ಬಳೆ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹೆಂಗಸು ಇದ್ದಾಳೆ. ಮಗಳು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಾಳೆ; ಅಂಬೆಗಾಲಿಡುವಾಗಿನಿಂದ ಅವಳ ಬಳೆ ಡಬ್ಬಿಗಳ ನಡುವೆಯೇ ಆಡಿದವಳು. ನಾನು ಹೊಡೆದ ದಿನ ಆ ಹೆಂಗಸು ಅಂಗಡಿಗೆ ಪರದೆ ಇಳಿಬಿಟ್ಟು ನನ್ನ ಬಳಿ ಬಂದಳು.

“ಭಾಯಿ, ಬಚ್ಚಿ ನಕ್ಕಿದ್ದು ನೋಡಿ ತಿಂಗಳಾತು. ನಿಮಗ ಕಣ್ಣು ಸೂಜಿ ಮ್ಯಾಲ ಅಷ್ಟೇ ಏನ್ರಿ? ಹೊಡೀಬ್ಯಾಡ್ರಿ, ಮೊದಲ ರಾಯಚೂರಿನ ದವಾಖಾನಿಗೆ ಕರ್ಕೊಂಡು ಹೋಗ್ರಿ.”

ನನಗೆ ಸಿಟ್ಟು ಬಂತು. ನನ್ನ ಹೆಂಡತಿ ಮಾತ್ರ ಮಷೀನು ನಿಲ್ಲಿಸಿ ಎದ್ದಳು. ಮರುದಿನ ಮೊದಲ ಬಸ್ಸಿಗೆ ಹೊರಟೆವು.

ರಾಯಚೂರಿನ ಮಕ್ಕಳ ಡಾಕ್ಟರಮ್ಮ ಮಗಳನ್ನು ನೋಡುತ್ತಲೇ ನನಗೆ ಹೊರಗೆ ಕೂರಲು ಹೇಳಿದರು. ಬೆಂಚಿನ ಮೇಲೆ ಕುಳಿತೆ. ಎದುರಿಗೆ ಒಬ್ಬ ಹೆಂಗಸು ಮಗುವಿಗೆ ಬಿಸ್ಕತ್ತು ನೆನೆಸಿ ತಿನ್ನಿಸುತ್ತಿದ್ದಳು. ಆ ಮಗು ಪೂರ್ತಿ ಪುಡಿಕೆ ಮುಗಿಸಿತು, ಇನ್ನೊಂದಕ್ಕೆ ಅತ್ತಿತು, ನಿದ್ದೆ ಹೋಯಿತು. ಬಾಗಿಲು ತೆರೆಯಲಿಲ್ಲ. ತೆರೆದಾಗ ಮೊದಲು ಬಂದದ್ದು ನನ್ನ ಹೆಂಡತಿ. ನನ್ನ ಪಕ್ಕ ಕೂರಲಿಲ್ಲ. ನಿಂತೇ, “ಅವತ್ತು ಹೇಳಾಕ ಬಂದಿತ್ತು ಅದು. ನಿನ್ನ ಕಡೀಗೇ ಬಂದಿತ್ತು” ಅಂದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಮೈಗೆ ಪೆಟ್ಟಾಗಿಲ್ಲ ಅಂತ ಡಾಕ್ಟರಮ್ಮ ಹೇಳಿದರು. ಆಮೇಲೆ, ತಿಳಿದ ಮೇಲೆ ಪೊಲೀಸರಿಗೆ ತಿಳಿಸದೆ ಬಿಡಲು ಕಾನೂನಿನಲ್ಲಿ ತಮಗೆ ಅವಕಾಶ ಇಲ್ಲ ಅಂದರು. ನಾನು ಆಗ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? ಊರಿಗೆ ಗೊತ್ತಾಗುತ್ತದೆಯೇ ಅಂತ ಕೇಳಿದೆ. ಡಾಕ್ಟರಮ್ಮ ಪೆನ್ನು ತೆಗೆದು ಬರೆಯತೊಡಗಿದರು.

ಒಬ್ಬ ಹೆಣ್ಣು ಪೊಲೀಸು ಸಾದಾ ಸೀರೆಯಲ್ಲಿ ಮನೆಗೇ ಬಂದು ಮಗಳ ಮಾತು ಬರೆದುಕೊಂಡಳು. ಅವನನ್ನು ಹಿಡಿದರು, ಕೆಲವು ದಿನಗಳಾದ ಮೇಲೆ ಜಾಮೀನು ಸಿಕ್ಕಿತು. ಕೇಸು ರಾಯಚೂರಿನಲ್ಲಿ ಇನ್ನೂ ನಡೆದಿದೆ. ಪಾಸ್ಟರಿಗೆ ಹೇಳಿದೆ. ಆ ಪುಸ್ತಿಕೆಯಲ್ಲಿ ಇದೆಲ್ಲ ಇತ್ತಲ್ಲ, ನೀನೇ ಓದಿದ್ದೆಯಲ್ಲ ಅಂದರು. ಎರಡು ಹಾಳೆ ಬಿಟ್ಟು ಓದಿದ್ದೆ ಅಂತ ಹೇಳಬೇಕಾಯಿತು. ಸಂಡೇ ಸ್ಕೂಲ್ ಪಾಠವನ್ನು ಇನ್ನು ಬೇರೆಯವರು ನೋಡಿಕೊಳ್ಳಲಿ ಅಂದರು. ನ್ಯಾಯವೇ. ಆದರೂ ಠಾಣೆಗೆ ಮೂರು ಸಲ ನನ್ನ ಜೊತೆ ಬಂದವರು ಅವರೊಬ್ಬರೇ.

ಉಳಿದ ಹಿರಿಯರು ಹಾಗಿರಲಿಲ್ಲ. ಮುಂದಿನ ಕರ್ತನ ಭೋಜನಕ್ಕೆ ನಾಲ್ಕು ದಿನ ಇರುವಾಗ ಅವರಲ್ಲಿ ಇಬ್ಬರು ನನ್ನ ಅತ್ತೆಯನ್ನು ಕರೆದುಕೊಂಡು ಮನೆಗೆ ಬಂದರು. ಅತ್ತೆ ಬಾಗಿಲಲ್ಲೇ ಕುಸಿದು ಕುಳಿತರು. ಹುಡುಗನ ಬಾಳು ಹಾಳಾಗುತ್ತದೆ, ಹೆಣ್ಣುಕೂಸಿನ ಹೆಸರೂ ಕೆಡುತ್ತದೆ ಅಂತ ಎಲ್ಲರೂ ಹೇಳುವುದನ್ನೇ ಹೇಳಿದರು. ಆಮೇಲೆ ಒಬ್ಬ ಹಿರಿಯರು ತಮ್ಮ ಮನಸ್ಸಿನಲ್ಲಿದ್ದ ಏರ್ಪಾಡು ಬಿಚ್ಚಿಟ್ಟರು. ಭಾನುವಾರ ಅವನನ್ನು ಕರೆಸುತ್ತೇವೆ. ಎಲ್ಲರ ಮುಂದೆ ಬಂದು ಮಗುವಿನ ಕೈ ಹಿಡಿದು ಕ್ಷಮೆ ಕೇಳುತ್ತಾನೆ. ನೀವು ಕೇಸಿನಲ್ಲಿ ಮಾತು ಮೆತ್ತಗೆ ಮಾಡಿ. ಅತ್ತೆ ತಲೆ ಎತ್ತಿದರು.

“ಅವತ್ತು ನೀವು ಅದರ ಕಡಿಂದ ಕೇಳಿಸಿದ್ರಿ. ಇವತ್ತು ಅವನೂ ಕೇಳ್ತಾನ. ಸಮಸಮ ಆತಲ್ಲಪ್ಪಾ.”

ನನಗೆ ನಾಚಿಕೆಯಾಗುವುದು ಇಲ್ಲಿ. ಕೂಡಲೇ ಆಗುವುದಿಲ್ಲ ಅನ್ನಲು ನನ್ನಿಂದ ಆಗಲಿಲ್ಲ. ಸಭೆ, ಸಂಬಂಧ, ಅಂಗಡಿ, ಎಲ್ಲವೂ ಕಣ್ಣ ಮುಂದೆ ಬಂದವು. ಆ ಐದು ನಿಮಿಷದ ಮೌನವೂ ಬಂತು. ಅದರಲ್ಲಿ ಎಂಥೆಂಥವೋ ಸರಿಹೋಗಿದ್ದನ್ನು ನೋಡಿದವನು ನಾನು. ಇದೂ ಸರಿಹೋಗಬಹುದೇನೋ ಅಂತ ಒಂದು ಗಳಿಗೆ ಯೋಚಿಸಿದೆ. ವಿಚಾರ ಮಾಡಿ ಹೇಳುತ್ತೇನೆ ಅನ್ನಲು ಬಾಯಿ ತೆರೆದಿದ್ದೆ.

ಹೆಂಡತಿ ಒಳಗಿನಿಂದ ಬಂದಳು. ತನ್ನ ತಾಯಿಯನ್ನು ನೋಡಿಯೇ ಮಾತಾಡಿದಳು.

“ಯವ್ವಾ, ನನ್ನ ಮಗಳ ಕೈ ಇನ್ನ ಯಾರ ಕೈಯಾಗೂ ಇಡಂಗಿಲ್ಲ. ನೀ ಹೋಗು. ಅವನಿಗೆ ಕ್ಷಮಾ ಬೇಕಂದ್ರ ಜಡ್ಜ್ ಸಾಹೇಬರ ಮುಂದ ಖರೆ ಹೇಳಲಿ.”

ಅತ್ತೆ ಎದ್ದು ಹೋದರು. ಅಂದಿನಿಂದ ತವರಿನ ಬಾಗಿಲು ಅವಳಿಗೆ ಮುಚ್ಚಿದೆ. ಭೋಜನದ ದಿನ ನಾವು ಸಭೆಗೆ ಹೋದೆವು. ಪಾಸ್ಟರು ಸುಮ್ಮನೆ ನಿಂತಾಗ ಜನ ಎದ್ದು ಒಬ್ಬರ ಕೈ ಒಬ್ಬರು ಹಿಡಿದರು. ನಮ್ಮ ಚಾಪೆಯ ಕಡೆ ಯಾರೂ ಬರಲಿಲ್ಲ. ಈಗಲೂ ಬರುವುದಿಲ್ಲ. ಅಳತೆಗೆ ಬರುವ ಮಕ್ಕಳು ಕಮ್ಮಿಯಾಗಿಲ್ಲ, ಅಂಗಡಿಯಲ್ಲಿ ನನಗೆ ಇನ್ನೂ ಒಳ್ಳೆಯ ಹೆಸರಿದೆ. ಯಾರಾದರೂ ತಾಯಂದಿರು ಹೊಗಳಿದರೆ ನಾನು ಮಷೀನು ಜೋರಾಗಿ ತುಳಿಯುತ್ತೇನೆ.

ಮಗಳನ್ನು ತಿಂಗಳಿಗೆ ಎರಡು ಸಲ ರಾಯಚೂರಿಗೆ ಕರೆದುಕೊಂಡು ಹೋಗುತ್ತೇವೆ. ಮಕ್ಕಳ ಜೊತೆ ಮಾತಾಡಲು ಅಲ್ಲಿ ಒಬ್ಬ ಮೇಡಂ ಇದ್ದಾರೆ. ಹಾಸಿಗೆ ಒದ್ದೆಯಾಗುವುದು ನಿಂತಿದೆ. ನಗುತ್ತಾಳೆ, ತಾಯಿಯ ಜೊತೆ, ಖಾಲಾನ ಜೊತೆ. ಕಳೆದ ಸಲ ಮೇಡಂ ನನ್ನನ್ನೂ ಒಳಗೆ ಕರೆದರು. ಒಂದು ಹಾಳೆಯ ಮೇಲೆ ಮಗಳ ಎಡಗೈ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆಸಿದರು. ಯಾರಾದರೂ ತೊಂದರೆ ಕೊಟ್ಟರೆ ಯಾರ ಮುಂದೆ ಹೇಳುತ್ತಿ, ಒಂದೊಂದು ಬೆರಳಿಗೆ ಒಬ್ಬೊಬ್ಬರ ಹೆಸರು ಹೇಳು ಅಂದರು.

ಅವಳು ಹೆಬ್ಬೆರಳಿಗೆ ಅವ್ವ ಅಂದಳು. ಆಮೇಲೆ ಶಾಲೆಯ ಮಿಸ್. ಆಮೇಲೆ ಖಾಲಾ. ನಾಲ್ಕನೆಯದಕ್ಕೆ ಡಾಕ್ಟರಮ್ಮ. ನಾನು ಪಕ್ಕದ ಕುರ್ಚಿಯಲ್ಲಿ ಅವಳ ಚೀಲ, ನೀರಿನ ಬಾಟಲಿ ಹಿಡಿದುಕೊಂಡು ಕುಳಿತಿದ್ದೆ. ಕಿರುಬೆರಳಿಗೆ ಬಂದಾಗ, “ಯೇಸಪ್ಪ” ಅಂದಳು.

ಯೇಸಪ್ಪ ಯಾವಾಗಲೂ ಜೊತೆಗೇ ಇರುತ್ತಾನೆ, ಅವನಿಗೆ ಬೆರಳು ಬೇಕಿಲ್ಲ, ಕರೆದರೆ ಓಡಿ ಬರುವ ಮನುಷ್ಯರನ್ನು ಹೇಳು ಅಂತ ಮೇಡಂ ನಗುತ್ತಾ ಅಂದರು.

ಮಗಳು ತಲೆ ಎತ್ತಿ ನನ್ನ ಕಡೆ ನೋಡಿದಳು. ಕೋಪದಿಂದ ಅಲ್ಲ. ಒಂದು ಲೆಕ್ಕ ಬಿಡಿಸುವಾಗ ಮಕ್ಕಳು ಬೋರ್ಡು ನೋಡುತ್ತಾರಲ್ಲ, ಹಾಗೆ ನೋಡಿದಳು. ಆಮೇಲೆ ಹಾಳೆಯ ಕಡೆ ಬಗ್ಗಿದಳು.

“ಇದು ಖಾಲಿ ಇರ್ಲಿ ಮೇಡಂ.”

ಇರಲಿ, ಅವಸರವೇನಿಲ್ಲ ಅಂದರು ಮೇಡಂ. ಬಣ್ಣದ ಪೆನ್ಸಿಲು ಕೊಟ್ಟರು. ಅವಳು ನಾಲ್ಕು ಬೆರಳಿಗೆ ನಾಲ್ಕು ಬಣ್ಣ ತುಂಬಿ, ಹಾಳೆಯನ್ನು ಸಣ್ಣಗೆ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಅದು ಇನ್ನೂ ಅವಳ ಹತ್ತಿರವೇ ಇದೆ. ಆಗಾಗ, ನೋಡಬಹುದೇನವ್ವ ಅಂತ ಕೇಳುತ್ತೇನೆ. ಬ್ಯಾಡ ಅನ್ನುತ್ತಾಳೆ. ಆಗಲಿ ಅನ್ನುತ್ತೇನೆ.